ಸೂತ್ರವನ್ನು ಮಗುವೇ ಬರೆಯಲಿ

ಸಂಪಾದಕರಿಗೆ,

ಮಾನ್ಯರೇ,

ಕಂಪ್ಯೂಟರ್ ಇರುವ ಶಾಲೆಯಲ್ಲಿ ಸ್ಪ್ರೆಡ್‌ಶೀಟ್ (ಸಾಲು, ಕಾಲಂಗಳ ಮನೆಗಳಲ್ಲಿ ಅಂಕಿ, ಸೂತ್ರ ಬರೆಯುವ ತಂತ್ರಾಂಶ) ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಹಾಕಿಕೊಳ್ಳಬಹುದು. ಅದಕ್ಕೆ ಲೈಸೆನ್ಸ್ ಹಣ ಕೊಡಬೇಕಿಲ್ಲ, ಒಮ್ಮೆ ಹಾಕಿದ ಮೇಲೆ ಇಂಟರ್‌ನೆಟ್ಟೂ ಬೇಕಿಲ್ಲ. ಆದರೆ ಅದು ಹೆಚ್ಚಾಗಿ ಬಳಕೆಯಾಗುವುದು ಎರಡೇ ಕೆಲಸಕ್ಕೆ. ಶಿಕ್ಷಕರು ಅಂಕಪಟ್ಟಿ ಮಾಡುತ್ತಾರೆ. ಮಕ್ಕಳು ಕಂಪ್ಯೂಟರ್ ಪಿರಿಯಡ್ಡಿನಲ್ಲಿ ಬಾರ್ಡರ್ ಹಾಕುವುದು, ಬಣ್ಣ ತುಂಬುವುದು ಕಲಿಯುತ್ತಾರೆ. ಗಣಿತದ ಪಿರಿಯಡ್ಡಿಗೆ ಅದು ಕಾಲಿಡುವುದು ಅಪರೂಪ. ಇದು ದೊಡ್ಡ ನಷ್ಟ ಎಂದು ತಿಳಿಸಲು ಮತ್ತು ಬಳಸುವುದಾದರೆ ಹೇಗೆ ಬಳಸಬೇಕು, ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ವಿವರವಾಗಿ ಹೇಳಲು ಈ ಪತ್ರ.

ಈ ತಂತ್ರಾಂಶದ ಯೋಚನೆ ಹೊಳೆದದ್ದೇ ತರಗತಿಯಲ್ಲಿ. ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಕಪ್ಪುಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಪ್ರಾಧ್ಯಾಪಕರು ಮುಂದಿನದನ್ನೆಲ್ಲ ಒರೆಸಿ ಮತ್ತೆ ಬರೆಯಬೇಕಾಗಿದ್ದುದನ್ನು ಕಂಡರು. ಅವರೂ ಬಾಬ್ ಫ್ರಾಂಕ್‌ಸ್ಟನ್ ಅವರೂ ಸೇರಿ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ‘ವಿಸಿಕ್ಯಾಲ್ಕ್’ ತಂದರು. ಒಂದು ಅಂಕಿ ಬದಲಿಸಿದರೆ ಅದನ್ನು ಅವಲಂಬಿಸಿದ್ದೆಲ್ಲ ತಾನಾಗಿ ಬದಲಾಗಬೇಕು ಎಂಬುದೇ ಅದರ ಜೀವ. ಪಾಠಕ್ಕೆ ಬೇಕಾದದ್ದೂ ಅದೇ ಗುಣ.

ಬೀಜಗಣಿತದ ‘ಎಕ್ಸ್’ ಎಂದರೇನು ಎಂದು ಎಂಟನೇ ತರಗತಿಯ ಮಗುವಿಗೆ ಬಾಯಿಮಾತಿನಲ್ಲಿ ಮನವರಿಕೆ ಮಾಡುವುದು ಎಷ್ಟು ಕಷ್ಟ ಎಂದು ಗಣಿತ ಶಿಕ್ಷಕರಿಗೆಲ್ಲ ಗೊತ್ತು. ಶೀಟ್‌ನಲ್ಲಿ ಎ2 ಎಂಬ ಸೆಲ್ (ಎ ಕಾಲಂನ ಎರಡನೇ ಸಾಲಿನ ಮನೆ) ಕಣ್ಣೆದುರೇ ಇರುತ್ತದೆ. ಅದರೊಳಗೆ 5 ಹಾಕಿದರೆ ಒಂದು ಉತ್ತರ, 7 ಹಾಕಿದರೆ ಇನ್ನೊಂದು. ಹೆಸರು ಅದೇ, ಬೆಲೆ ಬೇರೆ. ಚರಾಕ್ಷರದ ಅರ್ಥ ಇಷ್ಟೇ. ಆದರೆ ಇದಕ್ಕೊಂದು ಷರತ್ತಿದೆ: ಸೂತ್ರವನ್ನು ಮಗುವೇ ಬರೆಯಬೇಕು. ‘ಹಳದಿ ಸೆಲ್‌ನಲ್ಲಿ ಅಂಕಿ ತುಂಬಿ’ ಎಂಬ ಸಿದ್ಧ ಶೀಟ್ ಕೊಟ್ಟರೆ ಅದು ಬರೀ ಕ್ಯಾಲ್ಕುಲೇಟರ್ ಆಗುತ್ತದೆ. ಎಂಟರ್ ಒತ್ತುವ ಮೊದಲು ಉತ್ತರ ಎಷ್ಟು ಬರಬಹುದು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ನಿಯಮವನ್ನೂ ಮೊದಲ ದಿನದಿಂದಲೇ ಹಾಕಬೇಕು. (ಕೆಳಗೆ ಸೆಲ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಶೀಟ್‌ನಲ್ಲಿ ಟೈಪಿಸುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಬೇಕು.)

ಮೊದಲ ಪಾಠಕ್ಕೆ ಮಗ್ಗಿ ಸಾಕು. ಎ2ರಿಂದ ಎ11ರವರೆಗೆ 1ರಿಂದ 10, ಬಿ1ರಿಂದ ಕೆ1ರವರೆಗೆ 1ರಿಂದ 10 ಬರೆಸಿ. ಬಿ2ರಲ್ಲಿ =ಎ2*ಬಿ1 ಎಂದು ಬರೆದು (* ಎಂದರೆ ಗುಣಿಸು), ಸೆಲ್‌ನ ಕೆಳಗಿನ ಬಲಮೂಲೆ ಹಿಡಿದು ಅದನ್ನು ಬಲಕ್ಕೂ ಕೆಳಕ್ಕೂ ಎಳೆಯಲು, ಅಂದರೆ ಉಳಿದ ಸೆಲ್‌ಗಳಿಗೂ ನಕಲಿಸಲು ಹೇಳಿ. ಮಗ್ಗಿ ಬರುವುದಿಲ್ಲ. ಎರಡನೇ ಸಾಲಿನಲ್ಲಿ 1, 2, 6, 24, 120 ಎಂದು ಏರುತ್ತ ಕೆ2ರಲ್ಲಿ 36,28,800 ನಿಲ್ಲುತ್ತದೆ. ಶಿಕ್ಷಕರು ಇಲ್ಲಿ ಆತುರಪಟ್ಟು ತಿದ್ದಬಾರದು. ಸಿ2ರ ಮೇಲೆ ಕ್ಲಿಕ್ ಮಾಡಿ ಒಳಗೇನಿದೆ ನೋಡಿ ಎನ್ನಬೇಕು. ಅಲ್ಲಿರುವುದು =ಬಿ2*ಸಿ1. ಸೂತ್ರ ಒಂದು ಮನೆ ಬಲಕ್ಕೆ ಸರಿದಾಗ ಅದರೊಳಗಿನ ವಿಳಾಸಗಳೂ ಒಂದು ಮನೆ ಸರಿದಿವೆ. ಹಾಗಾಗಿ ಪ್ರತಿ ಸೆಲ್ಲೂ ಪಕ್ಕದ ಗುಣಲಬ್ಧವನ್ನೇ ಮತ್ತೆ ಗುಣಿಸಿಕೊಂಡಿದೆ, ಮಕ್ಕಳಿಗೆ ಅರಿವಿಲ್ಲದೆ ಕ್ರಮಗುಣಿತ (1×2×3×…) ಸಿಕ್ಕಿದೆ. ಇದನ್ನು ಅವರೇ ಕಂಡುಕೊಂಡ ಮೇಲೆ =$ಎ2*ಬಿ$1 ಬರೆಸಿ. ಡಾಲರ್ ಚಿಹ್ನೆ ಇಲ್ಲಿ ಮೊಳೆ ಇದ್ದ ಹಾಗೆ. ಅಕ್ಷರದ ಮುಂದೆ ಹೊಡೆದರೆ ಕಂಬಸಾಲು ಅಲುಗಾಡದು, ಅಂಕಿಯ ಮುಂದೆ ಹೊಡೆದರೆ ಅಡ್ಡಸಾಲು ಅಲುಗಾಡದು. ಈ ಒಂದು ಪಾಠ ಗಟ್ಟಿಯಾದರೆ ಮುಂದಿನ ತಪ್ಪುಗಳಲ್ಲಿ ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಬಡ್ಡಿಯ ಪಾಠಕ್ಕೆ ಪಠ್ಯದ ಅಂಕಿಗಳಿಗಿಂತ ಊರಿನ ಮಾತೇ ಒಳ್ಳೆಯದು. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ ಶೇ 2, ವರ್ಷಕ್ಕೆ ಶೇ 24 ಎಂಬುದು ಅನೇಕ ಮಕ್ಕಳಿಗೆ ಹೊಳೆದಿರುವುದಿಲ್ಲ. ಬಿ1ರಲ್ಲಿ ಅಸಲು 10,000, ಬಿ2ರಲ್ಲಿ ದರ 2 ಇರಲಿ. ಐದನೇ ಸಾಲು ಸೊನ್ನೆಯ ತಿಂಗಳು: ಬಿ5ರಲ್ಲೂ ಸಿ5ರಲ್ಲೂ =ಬಿ1. ಸರಳ ಬಡ್ಡಿಗೆ ಬಿ6ರಲ್ಲಿ =ಬಿ5+$ಬಿ$1*$ಬಿ$2/100. ಚಕ್ರಬಡ್ಡಿಗೆ ಸಿ6ರಲ್ಲಿ =ಸಿ5*(1+$ಬಿ$2/100). ಎರಡನ್ನೂ 60 ತಿಂಗಳವರೆಗೆ ಎಳೆಯಿರಿ. ಸಾಲ ಇಮ್ಮಡಿಯಾಗುವುದು ಯಾವಾಗ ಎಂದು ಮೊದಲೇ ಊಹಿಸಲು ಹೇಳಿ. ಸರಳ ಬಡ್ಡಿಯಲ್ಲಿ 50ನೇ ತಿಂಗಳು. ಚಕ್ರಬಡ್ಡಿಯಲ್ಲಿ 35ನೇ ತಿಂಗಳಿಗೆ 19,998.90, ಅಂದರೆ ಒಂದು ರೂಪಾಯಿ ಹತ್ತು ಪೈಸೆ ಕಡಿಮೆ. 36ಕ್ಕೆ 20,398.87. ಬಿ2ರಲ್ಲಿ 2 ಅಳಿಸಿ 3 ಬರೆದರೆ ಚಕ್ರಬಡ್ಡಿಯ ಸಾಲ 24ನೇ ತಿಂಗಳಿಗೇ ಇಮ್ಮಡಿ ದಾಟುತ್ತದೆ. ಕಪ್ಪುಹಲಗೆಯ ಮೇಲೆ ಇಷ್ಟನ್ನು ಮಾಡಲು ಎರಡು ಪಿರಿಯಡ್ ಸಾಲದು.

ಇನ್ನೊಂದು ಹೆಜ್ಜೆ ಮುಂದಿಡಿ. ಬಿ3ರಲ್ಲಿ ತಿಂಗಳ ಕಂತು ಬರೆದು, ಸಿ6ರ ಸೂತ್ರದ ಕೊನೆಗೆ -$ಬಿ$3 ಸೇರಿಸಿ, ಕಾಲಂ ಅನ್ನು 90 ತಿಂಗಳವರೆಗೆ ಉದ್ದ ಮಾಡಿ. ಅದೇ ಹತ್ತು ಸಾವಿರದ, ತಿಂಗಳಿಗೆ ಶೇ 2ರ ಸಾಲಕ್ಕೆ 500 ರೂಪಾಯಿ ಕಂತಾದರೆ 26ನೇ ತಿಂಗಳಿಗೆ ಸಾಲ ತೀರುತ್ತದೆ. ಕಟ್ಟಿದ ಒಟ್ಟು ಹಣ 12,900 ರೂಪಾಯಿಗೆ ಸ್ವಲ್ಪ ಕಡಿಮೆ. ಕಂತು 250 ಆದರೆ 82 ತಿಂಗಳು, ಒಟ್ಟು 20,300 ದಾಟುತ್ತದೆ. ಕಂತನ್ನು ಅರ್ಧ ಮಾಡಿದರೆ ಅವಧಿ ಇಮ್ಮಡಿಯಾಗಬಹುದು ಎಂದು ಊಹಿಸಿದ ಮಗು ಇಲ್ಲಿ ನಿಂತು ಯೋಚಿಸುತ್ತದೆ, ಏಕೆಂದರೆ ಅವಧಿ ಮೂರು ಪಟ್ಟಿಗಿಂತಲೂ ಹೆಚ್ಚಾಗಿದೆ. ಕಂತು 200 ಬರೆದರೆ ಇಡೀ ಕಾಲಂ 10,000 ಎಂದೇ ನಿಲ್ಲುತ್ತದೆ. ತಿಂಗಳ ಬಡ್ಡಿಯೇ 200. ಅಸಲಿಗೆ ಒಂದು ಪೈಸೆಯೂ ಹೋಗುತ್ತಿಲ್ಲ. ಬಡ್ಡಿ ಕಟ್ಟಿಕೊಂಡೇ ಇದ್ದರೂ ಸಾಲ ಏಕೆ ತೀರುವುದಿಲ್ಲ ಎಂಬುದನ್ನು ಹದಿನಾಲ್ಕು ವರ್ಷದ ಮಗು ತಾನೇ ಬರೆದ ಸೂತ್ರದಲ್ಲಿ ಕಾಣಬೇಕು. ಇಡೀ ಪತ್ರದಲ್ಲಿ ಒಂದೇ ಪಾಠವನ್ನು ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ.

ಸಮಾಜ ವಿಜ್ಞಾನದವರಿಗೂ ಇದರಲ್ಲಿ ಪಾಲಿದೆ. ಕರ್ನಾಟಕದ ಜನಗಣತಿ ಅಂಕಿಗಳನ್ನು ತೆಗೆದುಕೊಳ್ಳಿ: 1971ರಲ್ಲಿ 2,92,99,014, 1981ರಲ್ಲಿ 3,71,35,714, 1991ರಲ್ಲಿ 4,49,77,201, 2001ರಲ್ಲಿ 5,28,50,562, 2011ರಲ್ಲಿ 6,10,95,297. ಎ ಕಾಲಂನಲ್ಲಿ ವರ್ಷ, ಬಿಯಲ್ಲಿ ಜನಸಂಖ್ಯೆ. ಸಿ3ರಲ್ಲಿ =ಬಿ3-ಬಿ2, ಡಿ3ರಲ್ಲಿ =ಸಿ3/ಬಿ2*100, ನಂತರ ಕೆಳಕ್ಕೆ ಎಳೆಯುವುದು. ಶೇಕಡಾವಾರು ಬೆಳವಣಿಗೆ 26.75, 21.12, 17.51, 15.60 ಎಂದು ಇಳಿಯುತ್ತ ಬರುತ್ತದೆ. ಅದನ್ನಷ್ಟೇ ನೋಡಿದವರು ಜನಸಂಖ್ಯೆ ಹೆಚ್ಚುವುದೇ ಕಡಿಮೆಯಾಗಿದೆ ಎಂದುಕೊಳ್ಳುತ್ತಾರೆ. ಪಕ್ಕದ ಸಿ ಕಾಲಂ ನೋಡಿ: 78,36,700, 78,41,487, 78,73,361, 82,44,735. ಹತ್ತು ಹತ್ತು ವರ್ಷಕ್ಕೆ ಸೇರಿದ ಜನರ ಸಂಖ್ಯೆ ಇಳಿದೇ ಇಲ್ಲ. ಮೂರು ದಶಕ ಹೆಚ್ಚುಕಡಿಮೆ ಒಂದೇ ಆಗಿದ್ದು, ಕೊನೆಗೆ ಏರಿದೆ. ದರ ಇಳಿದದ್ದು ಛೇದ ದೊಡ್ಡದಾದ ಕಾರಣಕ್ಕೆ. ದರ ಮತ್ತು ಮೊತ್ತದ ವ್ಯತ್ಯಾಸ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇದೇ ಪಾಠದಲ್ಲಿ ಮೂರು ತಪ್ಪುಗಳು ಹೆಚ್ಚಾಗಿ ಆಗುತ್ತವೆ. ಮೊದಲನೆಯದು, ಹಳೆಯ ಸಂಖ್ಯೆಯ ಬದಲು ಹೊಸ ಸಂಖ್ಯೆಯಿಂದ ಭಾಗಿಸುವುದು. ಆಗ 2011ಕ್ಕೆ 15.60ರ ಬದಲು 13.49 ಬರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಎರಡನೆಯದು, ಸೂತ್ರದಲ್ಲಿ 100ರಿಂದ ಗುಣಿಸಿದ ಮೇಲೂ ಶೇಕಡಾ ಗುಂಡಿ ಒತ್ತುವುದು; ಶೀಟ್ ಮತ್ತೊಮ್ಮೆ ನೂರರಿಂದ ಗುಣಿಸಿ 1560% ಎಂದು ತೋರಿಸುತ್ತದೆ. ಮೂರನೆಯದು ಸ್ತಂಭನಕ್ಷೆಯದು. ಸಿ ಕಾಲಂನ ನಾಲ್ಕು ಅಂಕಿಗಳಿಗೆ ನಕ್ಷೆ ಹಾಕಿದರೆ ತಂತ್ರಾಂಶ ಲಂಬಾಕ್ಷವನ್ನು ಸೊನ್ನೆಯಿಂದ ಶುರು ಮಾಡದೆ ಎಪ್ಪತ್ತೈದು ಲಕ್ಷದ ಆಸುಪಾಸಿನಿಂದ ಶುರು ಮಾಡಿಬಿಡಬಹುದು. 78 ಲಕ್ಷದ ಪಕ್ಕದ 82 ಲಕ್ಷ ಎರಡು ಪಟ್ಟು ಎತ್ತರ ನಿಲ್ಲುತ್ತದೆ. ಅಕ್ಷದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕನಿಷ್ಠ ಬೆಲೆ 0 ಎಂದು ಹಾಕಬೇಕು. ಮೊದಲಿನ ನಕ್ಷೆಯನ್ನೂ ಅಳಿಸಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪತ್ರಿಕೆ, ಟಿ.ವಿ.ಯ ನಕ್ಷೆಗಳನ್ನು ಓದುವುದು ಹೇಗೆಂದು ಬೇರೆ ಪಾಠ ಮಾಡಬೇಕಿಲ್ಲ.

ಇನ್ನು ಗ್ರಾಫ್. ಬಹುಪದೋಕ್ತಿಯ ಶೂನ್ಯತೆಗಳನ್ನು ತೋರಿಸಲು ಎ ಕಾಲಂನಲ್ಲಿ -2ರಿಂದ 5ರವರೆಗೆ ಬರೆದು ಬಿ2ರಲ್ಲಿ =ಎ2^2-3*ಎ2-4 (^ ಎಂದರೆ ಘಾತ) ಹಾಕಿ ಎಳೆದರೆ, -1ರ ಮತ್ತು 4ರ ಎದುರು ಸೊನ್ನೆ ಕಾಣುತ್ತದೆ. ನಕ್ಷೆ ಆರಿಸುವಾಗ ‘ಲೈನ್’ ಬೇಡ, ‘ಎಕ್ಸ್‌ವೈ ಸ್ಕ್ಯಾಟರ್’ ಬೇಕು. ಲೈನ್ ನಕ್ಷೆ ಎಕ್ಸ್ ಬೆಲೆಗಳನ್ನು ಬರೀ ಹೆಸರುಗಳೆಂದು ತಿಳಿದು ಸಮಾನ ಅಂತರದಲ್ಲಿ ಜೋಡಿಸುತ್ತದೆ. 1, 2, 5, 10 ಎಂಬ ಬೆಲೆಗಳಿದ್ದರೆ ಸರಳರೇಖೆಯಾಗಬೇಕಾದದ್ದು ಮುರಿದ ಗೆರೆಯಾಗುತ್ತದೆ, ಮಗು ಸೂತ್ರವೇ ತಪ್ಪಿರಬೇಕು ಎಂದು ಹುಡುಕುತ್ತ ಕೂರುತ್ತದೆ.

ಇದಕ್ಕಿಂತ ಅಪಾಯದ್ದು ಋಣಚಿಹ್ನೆ. ಪಠ್ಯದ ಪ್ರಕಾರ -3² ಎಂದರೆ ಮೊದಲು ಮೂರರ ವರ್ಗ, ಆಮೇಲೆ ಮೈನಸ್ ಚಿಹ್ನೆ; ಉತ್ತರ -9. ಎಕ್ಸೆಲ್‌ನಲ್ಲೂ ಕ್ಯಾಲ್ಕ್‌ನಲ್ಲೂ =-3^2 ಎಂದು ಬರೆದರೆ ಬರುವುದು 9. ಸೂತ್ರದ ಮೊದಲಿಗೇ ಬಂದ ಮೈನಸ್ಸನ್ನು ಅವು ಘಾತಕ್ಕಿಂತ ಮುಂಚೆ ಅಂಕಿಗೆ ಅಂಟಿಸಿಬಿಡುತ್ತವೆ. ಹಾಗಾಗಿ ಕೆಳಮುಖವಾಗಬೇಕಾದ ಪರವಲಯ =-ಎ2^2 ಎಂದಾಗ ಮೇಲ್ಮುಖವಾಗುತ್ತದೆ. =-(ಎ2^2) ಎಂದು ಆವರಣ ಹಾಕಿದರೆ ಸರಿ. =5-ಎ2^2 ಎಂಬಲ್ಲಿ ತೊಂದರೆ ಇಲ್ಲ, ಏಕೆಂದರೆ ಅಲ್ಲಿನ ಮೈನಸ್ ಕಳೆಯುವ ಚಿಹ್ನೆ. ಯಂತ್ರ ಹೇಳಿದ್ದೇ ಸರಿ ಎಂದು ಶಿಕ್ಷಕರು ಪರೀಕ್ಷೆಗೂ ಹಾಗೇ ಹೇಳಿಕೊಟ್ಟರೆ ಮಗುವಿನ ಅಂಕ ಹೋಗುತ್ತದೆ. ಇದನ್ನು ತರಬೇತಿಯಲ್ಲಿ ಒತ್ತಿ ಹೇಳಲೇಬೇಕು.

ಭಿನ್ನರಾಶಿಯ ಪಾಠಕ್ಕೆ ಶೀಟ್ ತೆರೆದವರು ಮೊದಲ ನಿಮಿಷದಲ್ಲೇ ಕಂಗೆಡುತ್ತಾರೆ. 3/5 ಎಂದು ಟೈಪಿಸಿದರೆ ಅದು ದಿನಾಂಕವಾಗಿಬಿಡುತ್ತದೆ, ಸೆಟ್ಟಿಂಗ್ ಹೇಗಿದೆಯೋ ಹಾಗೆ ಮೇ 3 ಅಥವಾ ಮಾರ್ಚ್ 5. ಮುಂದೆ ಸೊನ್ನೆ ಮತ್ತು ಒಂದು ಜಾಗ ಬಿಟ್ಟು 0 3/5 ಎಂದರೆ ಭಿನ್ನರಾಶಿಯಾಗಿಯೇ ಉಳಿಯುತ್ತದೆ. ಪ್ರವೇಶ ಸಂಖ್ಯೆ 0047 ಎಂದಿದ್ದರೆ ಮುಂದಿನ ಸೊನ್ನೆಗಳು ಮಾಯವಾಗುತ್ತವೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಬೇಕು. ಅಂಕಿ ಸೆಲ್‌ನ ಬಲಕ್ಕೆ ಅಂಟಿದ್ದರೆ ಅದು ಸಂಖ್ಯೆ, ಎಡಕ್ಕೆ ಅಂಟಿದ್ದರೆ ಅಕ್ಷರ ಎಂಬ ಗುರುತು ಮಕ್ಕಳಿಗೆ ಕಣ್ಣಳತೆಯಲ್ಲಿ ಬರಬೇಕು. 50 ಎಂದು ಬರೆಯುವ ಬದಲು ‘50 ಕೆ.ಜಿ.’ ಎಂದು ಬರೆದ ಸೆಲ್ಲನ್ನು ಸಮ್ ಫಂಕ್ಷನ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೊತ್ತ ತಪ್ಪಿದ್ದೇ ತಿಳಿಯುವುದಿಲ್ಲ. ಮಾನವನ್ನು ಕಾಲಂನ ತಲೆಬರಹದಲ್ಲಿ ಬರೆಸಿ. ಸೆಲ್ ತುಂಬ ##### ಕಂಡರೆ ಗಾಬರಿ ಬೇಡ, ಕಾಲಂ ಅಗಲ ಮಾಡಿದರೆ ಅಂಕಿ ಕಾಣುತ್ತದೆ. ಕ್ಯಾಲ್ಕ್‌ನಲ್ಲಿ ಎರರ್ 522 ಬಂದರೆ ಸೂತ್ರ ಸುತ್ತಿ ಬಂದು ತನ್ನನ್ನೇ ಕರೆದುಕೊಂಡಿದೆ ಎಂದರ್ಥ, 508 ಬಂದರೆ ಆವರಣ ಮುಚ್ಚಿಲ್ಲ.

ಸರಾಸರಿಯ ವಿಷಯದಲ್ಲಿ ಗೈರುಹಾಜರಿ ದೊಡ್ಡ ಬಲೆ. ಐವರಲ್ಲಿ ನಾಲ್ವರ ಅಂಕ 20, 15, 18, 12, ಒಬ್ಬರು ಬಂದಿಲ್ಲ ಎನ್ನಿ. ಆ ಸೆಲ್ ಖಾಲಿ ಬಿಟ್ಟರೆ ಆವರೇಜ್ ಫಂಕ್ಷನ್ 16.25 ಕೊಡುತ್ತದೆ, 0 ಬರೆದರೆ 13. ‘ಗೈರು’ ಎಂದು ಬರೆದರೂ 16.25ಕ್ಕೇ ನಿಲ್ಲುತ್ತದೆ. ಯಾವುದು ಸರಿ ಎಂಬುದನ್ನು ಯಂತ್ರ ಹೇಳಲಾರದು, ತರಗತಿಯಲ್ಲಿ ಚರ್ಚೆಯಾಗಬೇಕು. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಲ್ಲಂತೂ ಆವರೇಜ್ ಫಂಕ್ಷನ್ನನ್ನು ಮೊದಲಿಗೆ ತೋರಿಸಲೇಬಾರದು. ವರ್ಗಾಂತರ, ಆವೃತ್ತಿ, ಮಧ್ಯಬಿಂದು, ಆವೃತ್ತಿ ಮತ್ತು ಮಧ್ಯಬಿಂದುವಿನ ಗುಣಲಬ್ಧ ಎಂದು ಒಂದೊಂದೇ ಕಾಲಂ ಕಟ್ಟಿಸಿ, ಗುಣಲಬ್ಧಗಳ ಮೊತ್ತವನ್ನು ಆವೃತ್ತಿಗಳ ಮೊತ್ತದಿಂದ ಭಾಗಿಸಲಿ. ಫಂಕ್ಷನ್ ಬರುವುದು ಅದಾದ ಮೇಲೆ.

ಸಂಭವನೀಯತೆಗೆ ದಾಳ ಉರುಳಿಸುವ ಪಾಠ ಮಾಡಿ. =ರ‍್ಯಾಂಡ್‌ಬಿಟ್ವೀನ್(1,6) ಎಂದು (1ರಿಂದ 6ರೊಳಗಿನ ಯಾವುದಾದರೊಂದು ಅಂಕಿ ಕೊಡುವ ಸೂತ್ರ) 60 ಸೆಲ್‌ಗೆ ಎಳೆದು, ಕೌಂಟ್‌ಇಫ್‌ನಿಂದ ಪ್ರತಿ ಮುಖ ಎಷ್ಟು ಸಲ ಬಂತು ಎಣಿಸಿ, ಮತ್ತೆ ಲೆಕ್ಕ ಮಾಡಿಸುವ ಎಫ್9 ಕೀಲಿ ಒತ್ತುತ್ತ ಹೋಗಿ. ಹತ್ತು ಹತ್ತು ಬರಬೇಕಾದಲ್ಲಿ 6, 14 ಹೀಗೆಲ್ಲ ಬರುವುದು ಸಹಜ. 6000 ಸೆಲ್‌ಗೆ ಎಳೆದರೆ ಸಾವಿರದಿಂದ ಅರವತ್ತರಷ್ಟು ಆಚೀಚೆ ಆಗುವುದೇ ಕಡಿಮೆ. ಈ ಸೂತ್ರಗಳು ಶೀಟ್‌ನಲ್ಲಿ ಏನು ಬದಲಿಸಿದರೂ ಹೊಸ ಅಂಕಿ ಹಾಕಿಕೊಳ್ಳುವುದರಿಂದ, ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಫಲಿತಾಂಶವನ್ನು ಮೊದಲು ‘ಬೆಲೆ ಮಾತ್ರ’ ಎಂದು ಪೇಸ್ಟ್ ಮಾಡಿಕೊಳ್ಳಬೇಕು.

ಕನ್ನಡದ ಒಂದು ತೊಡಕನ್ನೂ ಹೇಳಬೇಕು. ಹೆಸರುಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದರೆ ಪರದೆಯ ಮೇಲೆ ಕನ್ನಡವೇ ಕಂಡರೂ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಅಕಾರಾದಿಯಾಗಿ ಜೋಡಿಸಲು ಹೋದರೆ ವರ್ಣಮಾಲೆಯ ಕ್ರಮ ಬರುವುದಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಓದಲೂ ಆಗುವುದಿಲ್ಲ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲೇ ಟೈಪಿಸಬೇಕು. ಜೋಡಿಸುವಾಗ ಹೆಸರಿನ ಕಾಲಂ ಒಂದನ್ನೇ ಆರಿಸಿದರೆ ಹೆಸರುಗಳು ಸರಿದು ಅಂಕಗಳು ಅಲ್ಲೇ ಉಳಿಯುತ್ತವೆ, ಒಬ್ಬರ ಅಂಕ ಇನ್ನೊಬ್ಬರಿಗೆ ಹೋಗುತ್ತದೆ. ತಂತ್ರಾಂಶ ‘ಆಯ್ಕೆ ವಿಸ್ತರಿಸಲೇ?’ ಎಂದು ಕೇಳುವ ಪೆಟ್ಟಿಗೆಯನ್ನು ಓದದೆ ಮುಚ್ಚುವ ಅಭ್ಯಾಸವೇ ಇದಕ್ಕೆ ಕಾರಣ.

ಕಂಪ್ಯೂಟರ್ ಕಡಿಮೆ, ಮಕ್ಕಳು ಹೆಚ್ಚು ಎಂಬ ಮಾತು ನಿಜ. ಆದರೆ ಒಂದಕ್ಕೆ ನಾಲ್ವರು ಕೂತರೂ ಪಾಠ ನಡೆಯುತ್ತದೆ: ಒಬ್ಬರು ಸೂತ್ರ ಹೇಳುವುದು, ಒಬ್ಬರು ಟೈಪಿಸುವುದು, ಒಬ್ಬರು ಉತ್ತರ ಊಹಿಸಿ ಬರೆಯುವುದು, ಒಬ್ಬರು ಕೈಲೆಕ್ಕದಿಂದ ತಾಳೆ ನೋಡುವುದು, ಎಂಟು ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಕೀಲಿಮಣೆ ಹಿಡಿದವರು ಹೇಳಿದ್ದನ್ನು ಮಾತ್ರ ಟೈಪಿಸಬೇಕು. ಇಲ್ಲದಿದ್ದರೆ ಮನೆಯಲ್ಲಿ ಕಂಪ್ಯೂಟರ್ ಇರುವ ಒಂದು ಮಗುವೇ ಎಲ್ಲವನ್ನೂ ಮಾಡಿಬಿಡುತ್ತದೆ. ಕಂಪ್ಯೂಟರೇ ಇಲ್ಲದ ದಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಮಕ್ಕಳನ್ನೇ ನಿಲ್ಲಿಸಿ. ಮೊದಲ ಮಗುವಿನ ಚೀಟಿಯಲ್ಲಿ 5, ಉಳಿದವರ ಚೀಟಿಯಲ್ಲಿ ‘ಎಡಗಡೆಯವರ ಅಂಕಿಗೆ 3 ಕೂಡಿಸು’. ಮೊದಲಿನ 5 ಅಳಿಸಿ 9 ಬರೆದರೆ ಇಡೀ ಸಾಲು ಬದಲಾಗುವುದನ್ನು ಅವರೇ ಕೂಗಿ ಹೇಳುತ್ತಾರೆ. ಸಮಾಂತರ ಶ್ರೇಢಿಯ ಪಾಠವೂ ಅದರಲ್ಲೇ ಆಯಿತು.

ಕರೆಂಟ್ ಹೋಗುವ ಊರುಗಳಲ್ಲಿ ‘ಆಟೊ ರಿಕವರಿ’ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿಟ್ಟುಕೊಳ್ಳಿ. ಕಡತವನ್ನು ಸಿಎಸ್‌ವಿ ರೂಪದಲ್ಲಿ ಉಳಿಸಬೇಡಿ. ಅದರಲ್ಲಿ ಒಂದು ಹಾಳೆಯ ಬೆಲೆಗಳು ಮಾತ್ರ ಉಳಿದು ಸೂತ್ರ, ನಕ್ಷೆ ಎರಡೂ ಹೋಗುತ್ತವೆ.

ಶಿಕ್ಷಣ ಇಲಾಖೆಯಲ್ಲಿ ನಮ್ಮ ಕೋರಿಕೆ ಎರಡು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್) ನಡೆಯುವ ಕಂಪ್ಯೂಟರ್ ತರಬೇತಿಯಲ್ಲಿ ಮೆನುಗಳ ಪರಿಚಯಕ್ಕೆ ಅರ್ಧ ದಿನ ಸಾಕು; ಉಳಿದ ಸಮಯದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ತಮ್ಮ ತಮ್ಮ ಅಧ್ಯಾಯಕ್ಕೆ ಒಂದೊಂದು ಶೀಟ್ ಕಟ್ಟಿ, ಅದನ್ನು ಬೇಕೆಂದೇ ಕೆಡಿಸಿ, ಮತ್ತೆ ಸರಿಪಡಿಸುವ ಅಭ್ಯಾಸ ಮಾಡಲಿ. ಎರಡನೆಯದು, ಘಟಕ ಪರೀಕ್ಷೆಯಲ್ಲಿ ಕಂಪ್ಯೂಟರ್ ಬೇಡದ ಎರಡು ಅಂಕದ ಒಂದು ಪ್ರಶ್ನೆ ಇರಲಿ: ‘ಸಿ2ರಲ್ಲಿ =ಎ2*$ಬಿ$1 ಇದೆ. ಇದನ್ನು ಸಿ5ಕ್ಕೆ ಎಳೆದರೆ ಅಲ್ಲಿನ ಸೂತ್ರ ಏನಾಗುತ್ತದೆ, ಏಕೆ?’

ಇಂತಿ,
ಪ್ರೌಢಶಾಲಾ ಗಣಿತ ಶಿಕ್ಷಕರು
ಶಿವಮೊಗ್ಗ ಜಿಲ್ಲೆ